ಬಿಸಿಯಾದರೆ ಹಿಡಿಯದ ಮೋಟರು

ತಣ್ಣಗಿದ್ದಾಗ ನಮ್ಮ ದೋಣಿಯ ಮೋಟರಿನಷ್ಟು ಒಳ್ಳೆಯ ಸ್ವಭಾವ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಬೆಳಗ್ಗೆ ಹಗ್ಗ ಸುತ್ತಿ ಒಮ್ಮೆ ಎಳೆದರೆ ಸಾಕು, ಕೆಮ್ಮಿ, ಒಂದು ಬಾಯಿ ನೀಲಿ ಹೊಗೆ ಬಿಟ್ಟು ಹಿಡಿದುಕೊಳ್ಳುತ್ತಿತ್ತು. ತೊಂದರೆಯೆಲ್ಲ ಬಿಸಿಯಾದ ಮೇಲೆ. ಒಂದಷ್ಟು ದೂರ ಓಡುವುದು, ದನಿ ತೆಳ್ಳಗಾಗುವುದು, ನಿಂತುಬಿಡುವುದು. ನಿಂತ ಮೇಲೆ ನಮ್ಮ ಮನೆಯವರು, ಅಂದರೆ ನನ್ನ ಗಂಡ, ತೋಳು ಕೀಳುವಂತೆ ಎಳೆದರೂ ಉತ್ತರವಿಲ್ಲ. ನಿಧಾನವಾಗಿ ಒಂದು ತಾಂಬೂಲ ಹಾಕಿ ಮುಗಿಸುವಷ್ಟು ಹೊತ್ತು ಅದನ್ನು ಅದರ ಪಾಡಿಗೆ ಬಿಟ್ಟರೆ, ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತಿತ್ತು.

ಎಂಬತ್ತರ ದಶಕದ ನಡುಗಾಲ ಅದು. ಮೆಟ್ಟುಪಾಳ್ಯಂನಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ಸಿರುಮುಗೈ ನಮ್ಮೂರು. ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆಯೇ ಇರಲಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಕೊಯಮತ್ತೂರಿನ ಕಾನ್ವೆಂಟಿನಲ್ಲಿ, ಊಟದ ಹೊತ್ತಿಗೆ ಚಮಚ ತಟ್ಟೆಗೆ ತಾಕಿದರೂ ಸಿಸ್ಟರ್ ತಿರುಗಿ ನೋಡುವಂಥ ಹಾಸ್ಟೆಲಿನಲ್ಲಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ಲಾಳಿಗಳ ಸದ್ದಿಗೆ ತಲೆ ಸಿಡಿಯುತ್ತಿತ್ತು. ಆಮೇಲೆ ಆ ಸದ್ದು ನಿಂತರೆ ಮಾತ್ರ ಎಚ್ಚರವಾಗುವ ಹಾಗಾಯಿತು.

ಊರಿನ ಆಚೆಗೆ ಭವಾನಿಸಾಗರದ ಹಿನ್ನೀರು. ಅಣೆಕಟ್ಟು ತುಂಬಿದ ತಿಂಗಳುಗಳಲ್ಲಿ ತಗ್ಗಿನ ಸೇತುವೆ, ಅದರತ್ತ ಹೋಗುವ ದಾರಿ, ದಾರಿಯ ಬದಿಯ ತಾಳೆಮರಗಳು ಎಲ್ಲ ಮುಳುಗಿ, ಆಚೆ ದಡದ ಹಳ್ಳಿಗಳಿಗೆ ನೀರಿನ ಮೇಲಲ್ಲದೆ ಬೇರೆ ದಾರಿ ಇರುತ್ತಿರಲಿಲ್ಲ. ಕಾಡು ಬಳಸಿ ಹೋಗಬಹುದು, ಆದರೆ ಅದು ಆನೆಗಳ ದಾರಿ. ಜನ ಪರಿಸಲಿನಲ್ಲಿ, ಅಂದರೆ ತೊಗಲು ಹೊದಿಸಿದ ಆ ಬುಟ್ಟಿದೋಣಿಯಲ್ಲಿ, ದಾಟುತ್ತಿದ್ದರು. ಆಚೆಯ ಹಳ್ಳಿಯಲ್ಲೂ ನಮ್ಮವರ ಮಗ್ಗಗಳಿದ್ದವು. ನಮ್ಮ ಮನೆಯವರು ಅಲ್ಲಿಗೆ ನೂಲು ಒಯ್ದು, ನೇಯ್ದ ಸೀರೆಗಳನ್ನು ತರುತ್ತಿದ್ದರು. ಅದಕ್ಕೇ ಮರದ ದೋಣಿ, ಅದರ ಹಿಂಬದಿಗೆ ಈ ಮೋಟರು.

ಹಿಂದೆ ಬೆಟ್ಟದ ಮೇಲಿನ ಯಾವುದೋ ಎಸ್ಟೇಟಿನವರು ಕೆರೆಯಲ್ಲಿ ವಿಹಾರಕ್ಕೆ ಇಟ್ಟುಕೊಂಡಿದ್ದ ಮೋಟರಂತೆ. ಕ್ಯಾರೆಟ್ಟು ಮೂಟೆಗಳ ನಡುವೆ ಲಾರಿಯಲ್ಲಿ ಮೆಟ್ಟುಪಾಳ್ಯಂಗೆ ಇಳಿದು ಬಂದಿತ್ತು. ದೋಣಿಗೆ ಕಚ್ಚಿಸುವ ಹಿಡಿ ಒಡೆದುಹೋಗಿದ್ದರಿಂದ ಕೊಯಮತ್ತೂರಿನ ಕಡೆಯ ಕುರಿಚಿಯ ಒಂದು ಫೌಂಡ್ರಿಯಲ್ಲಿ ಹೊಸದು ಎರಕ ಹೊಯ್ಯಿಸಿದ್ದರು. ಎಳೆಯುವ ಹಗ್ಗ ಹರಿದಾಗ ಮಗ್ಗದ ಹುರಿಯನ್ನೇ ಕಟ್ಟಿದ್ದರು. ಬಿಸಿಯ ಕಾಯಿಲೆಗೂ ಮಾಡದ ಔಷಧವಿಲ್ಲ. ಪ್ಲಗ್ಗು ಬದಲಾಯಿಸಿದರು. ಲಾಳಿ ನಯ ಮಾಡುವ ಉಪ್ಪುಕಾಗದದಿಂದ ಪಾಯಿಂಟು ಉಜ್ಜಿದರು. ಕಾರ್ಬುರೇಟರು ಬಿಚ್ಚಿ ನನ್ನ ಅಡುಗೆಮನೆಯ ಜರಡಿಯ ಮೇಲೆ ಒಣಗಹಾಕಿದರು. ಪೀಳಮೇಡಿನಲ್ಲಿ ಪಂಪುಸೆಟ್ಟು ರಿಪೇರಿ ಮಾಡುವವರೊಬ್ಬರು, ಕಾಯಿಲ್ ಹಳತಾಗಿದೆ, ಬಿಸಿಯಾದರೆ ಕಿಡಿ ಕೊಡುವುದಿಲ್ಲ, ತಣ್ಣಗಾದರೆ ಕೊಡುತ್ತದೆ ಎಂದರು. ನಾವು ಕಣ್ಣಾರೆ ಕಂಡದ್ದಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು. ಅಂದಿನಿಂದ ದೋಣಿಯಲ್ಲಿ ಒಂದು ಹಳೆಯ ಪಂಚೆಯ ತುಂಡು ಸದಾ ಇರುತ್ತಿತ್ತು. ನಿಂತಾಗ ಅದನ್ನು ಹಿನ್ನೀರಿನಲ್ಲಿ ಅದ್ದಿ ಮೋಟರಿನ ತಲೆಗೆ ಜ್ವರದ ಪಟ್ಟಿಯ ಹಾಗೆ ಸುತ್ತುವುದು, ಕಾಯುವುದು, ಎಳೆಯುವುದು. ಬಟ್ಟೆ ಸುತ್ತಿದ ಮೇಲೆ ಹಿಡಿಯುತ್ತಿತ್ತು, ಆದ್ದರಿಂದ ಬಟ್ಟೆಯಿಂದಲೇ ಹಿಡಿಯಿತೆಂದು ನಂಬಿದ್ದೆವು.

ಆ ವರ್ಷ ನೀರು ತುಂಬಿದ್ದಾಗ, ಒಂದು ಶುಕ್ರವಾರ, ಇನ್ನೂ ಬಿಸಿಲೇರುವ ಮುಂಚೆ ಆಚೆ ದಡದಿಂದ ಒಬ್ಬ ಪರಿಸಲಿನಲ್ಲಿ ಬಂದು ನಮ್ಮ ಜಗುಲಿಯ ಕೆಳಗೆ ನಿಂತ. ಮೇಲೆ ಹತ್ತಲಿಲ್ಲ, ನೀರು ಕೇಳಲಿಲ್ಲ. ಸಾವಿನ ಸುದ್ದಿ ತಂದವನು ಹತ್ತುವುದಿಲ್ಲ.

"ದೊಡ್ಡಮ್ಮ ಓಗ್ಬಿಟ್ರು," ಎಂದ. "ಒತ್ತು ಇಳಿಯೋ ಮುಂಚೆ ಎತ್ತೋದುಂತ ಮಾತಾಗೈತೆ. ನಾಳೆ ಸನಿವಾರ."

ದೊಡ್ಡಮ್ಮ ಎಂದರೆ ನನ್ನ ಅತ್ತೆಯ ಅಕ್ಕ. ಆಚೆ ಹಳ್ಳಿಯ ನೇಕಾರರ ಮನೆಗೆ ಕೊಟ್ಟಿದ್ದರು. ಶನಿವಾರದ ಹೆಣ ಒಂಟಿಯಾಗಿ ಹೋಗುವುದಿಲ್ಲ, ಜೊತೆಗೊಬ್ಬರನ್ನು ಕೇಳುತ್ತದೆ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಹಾಗಾಗಿ ಅಂದೇ, ಸೂರ್ಯ ಬೆಟ್ಟದ ಹಿಂದೆ ಹೋಗುವುದರೊಳಗೆ ಎತ್ತಲೇಬೇಕು. ಎತ್ತುವ ಮುಂಚೆ ತವರಿನ ಹೊಸ ಸೀರೆ ಮೈಮೇಲೆ ಬೀಳಬೇಕು. ಆ ಸೀರೆಗೆ ಕೋಡಿ ಎನ್ನುತ್ತಾರೆ. ಕೋಡಿ ಬಾರದೆ ಹೋದವಳು ತವರಿಲ್ಲದವಳಾಗಿ ಹೋದ ಹಾಗೆ. ಯಾವ ಹೆಣ್ಣಿಗೂ ಅಂಥ ಮಾತು ಬರಬಾರದೆಂದು ನಮ್ಮವರು ಬೇರೆ ಎಲ್ಲ ಜಗಳ ಬದಿಗಿಟ್ಟು ಕೋಡಿಗೆ ಓಡುತ್ತಾರೆ.

ದೊಡ್ಡಮ್ಮನ ಗಂಡನ ಮನೆಗೂ ನಮಗೂ ಸಣ್ಣ ಮುನಿಸು ಹಿಂದಿನಿಂದಲೂ ಇತ್ತು. ದೊಡ್ಡಪ್ಪನ ನಾಲಿಗೆ ಚುರುಕು. ಒಂದು ಮದುವೆಯ ಪಂಕ್ತಿಯಲ್ಲಿ ಎಲ್ಲರ ಎದುರು, "ಇವಳ ತವರು ಒಂದು ನೀರಿನಾಚೆ ಐತೆ, ಬರೋದು ಮಾತ್ರ ಸಮುದ್ರ ದಾಟಿ ಬಂದಂಗೆ, ಹಬ್ಬ ಕಳೆದ್ಮೇಲೆ," ಎಂದಿದ್ದರು. ನನ್ನ ಅತ್ತೆ ಅಂದು ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಸುತ್ತುತ್ತ ಕುಳಿತದ್ದನ್ನು ನಾನು ನೋಡಿದ್ದೆ.

ಸೀರೆ ಸಿದ್ಧವಿದ್ದರೆ ಆ ಪರಿಸಲಿನಲ್ಲೇ ಹೋಗಿಬಿಡುತ್ತಿದ್ದೆವು. ಆದರೆ ಅದು ಮಗ್ಗದ ಮೇಲಿತ್ತು. ಅತ್ತೆಗೆ ಒಬ್ಬ ತಮ್ಮ, ನಮ್ಮ ಮನೆಯವರಿಗೆ ಸೋದರಮಾವ, ಪಕ್ಕದ ಮನೆಯಲ್ಲೇ ನೇಯುತ್ತಿದ್ದರು. ದೊಡ್ಡಮ್ಮ ಹಾಸಿಗೆ ಹಿಡಿದಾಗ ಅವರ ಕೈ ಹಿಡಿದು, ಅಂಗಡಿ ಸೀರೆ ಬೇಡ, ನಿನ್ನ ಮಗ್ಗದ್ದು ಹೊದಿಸು ಎಂದಿದ್ದರಂತೆ. ಸಾಯುವವಳಿಗೆ ಮುಂಚೆಯೇ ನೇಯ್ದಿಡಲು ಯಾವ ತಮ್ಮನಿಗೆ ಕೈ ಬರುತ್ತದೆ? ಮಾವ ಮಗ್ಗಕ್ಕೆ ಹಾಸಿನ ಎಳೆ ಏರಿಸಿದ್ದರು, ನೇಯ್ದು ಮುಗಿಸುವುದನ್ನು ಮುಂದೂಡುತ್ತಿದ್ದರು. ಅರಗಿನ ಬಣ್ಣದ ಒಡಲು, ಸಾಸಿವೆ ಬಣ್ಣದ ಅಂಚು. ಇನ್ನು ಸೆರಗು ಮಾತ್ರ ಬಾಕಿ. ಅರ್ಧ ಸೀರೆಯನ್ನು ಮಗ್ಗದಿಂದ ಕೊಯ್ಯುವುದು ನಮ್ಮಲ್ಲಿ ಇಲ್ಲ. ಬದುಕಿರುವವರಿಗೇ ಇಲ್ಲ, ಹೋದವರಿಗೆ ಎಲ್ಲಿಂದ.

ಮಾವ ಸುದ್ದಿ ಕೇಳಿ ಎದ್ದು ಬರಲಿಲ್ಲ. ಮಗ್ಗದ ಗುಂಡಿಗೆ ಇಳಿದು ಕುಳಿತರು. ಬೀದಿಯ ಉಳಿದ ಮಗ್ಗಗಳು ಒಂದೊಂದಾಗಿ ನಿಂತವು, ಅವರದೊಂದೇ ಓಡುತ್ತಿತ್ತು. ಬಂಧುಗಳೆಲ್ಲ ಪರಿಸಲಿನಲ್ಲಿ ಮುಂದೆ ಹೋದರು. ಅತ್ತೆ ಹೋಗಲಿಲ್ಲ. ಕೋಡಿಯ ಜೊತೆಗೇ ಒಡಹುಟ್ಟಿದವರು ಬರಬೇಕು. ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹೂವು ಇಟ್ಟುಕೊಂಡು ತಮ್ಮನ ಮನೆಯ ಹೊಸ್ತಿಲ ಬಳಿ ಕುಳಿತರು. ಬೇಗ ಎಂದು ಒಮ್ಮೆಯೂ ಹೇಳಲಿಲ್ಲ. ತಮ್ಮನ ಕೈಯಲ್ಲಿ ಎಳೆ ತಪ್ಪಿದಾಗ ಮಾತ್ರ ಇವರ ಕೈ ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿಯುತ್ತಿತ್ತು.

ಸೀರೆ ಮಗ್ಗದಿಂದ ಇಳಿದಾಗ ಬಿಸಿಲು ಬಾಗಿಲಿನಿಂದ ಹಿಂದೆ ಸರಿದು ಬೀದಿಗೆ ಹೋಗಿತ್ತು, ಗಾಳಿ ಎದ್ದಿತ್ತು. ಮಧ್ಯಾಹ್ನದ ನಂತರ ಬೆಟ್ಟದ ಕಣಿವೆಯಿಂದ ನುಗ್ಗುವ ಆ ಗಾಳಿಗೆ ಪರಿಸಲುಗಳು ನೀರಿಗಿಳಿಯುವುದಿಲ್ಲ. ಉಳಿದದ್ದು ನಮ್ಮ ದೋಣಿ. ಅಂದರೆ ನಮ್ಮ ಮೋಟರು.

ಅತ್ತೆ ಸೀರೆಯನ್ನು, ಕುಂಕುಮದ ಪೊಟ್ಟಣದೊಂದಿಗೆ, ಎಣ್ಣೆಬಟ್ಟೆಯಲ್ಲಿ ಸುತ್ತಿ ಮಡಿಲಿಗಿಟ್ಟುಕೊಂಡು ಮೂತಿಯ ಕಡೆ ಕುಳಿತರು. ಪಕ್ಕದಲ್ಲಿ ನಾನು, ನಡುವೆ ಮಾವ, ಹಿಂಬದಿಯಲ್ಲಿ ನಮ್ಮ ಮನೆಯವರು. ಅವರು ಹಗ್ಗ ಸುತ್ತಿ ಎಳೆದರು. ಹಿಡಿಯಿತು.

ಹಿನ್ನೀರಿನ ಮೊದಲ ಭಾಗ ಬೆಟ್ಟದ ಮರೆಯಲ್ಲಿದೆ, ಅಲ್ಲಿ ಗಾಳಿ ಅಷ್ಟಿರಲಿಲ್ಲ. ನಾನು ಮೋಟರಿನ ದನಿಯನ್ನೇ ಕೇಳುತ್ತಿದ್ದೆ. ಹಾಲುಣ್ಣುವ ಮಗುವಿನ ಉಸಿರು ಕೇಳುವ ಹಾಗೆ ಕೇಳುತ್ತಿದ್ದೆ. ಮರೆ ದಾಟುವಷ್ಟರಲ್ಲಿ ಅದು ತೆಳ್ಳಗಾಯಿತು. ನಿಂತಿತು.

ನಮ್ಮ ಮನೆಯವರು ಪಂಚೆಯ ತುಂಡನ್ನು ಅದ್ದಿ ಸುತ್ತಿದರು.

"ಮಾಪ್ಳೆ," ಎಂದರು ಮಾವ, ಅಕ್ಕನ ಮಗನನ್ನು ಅವರು ಕರೆಯುವುದು ಹಾಗೇ, "ಇದಕ್ಕೆ ಸಿಕ್ಕೋ ಸೇವೆ ನನ್ ಮಗ್ಗಕ್ಕೆ ಸಿಕ್ಕಿದ್ರೆ ತಾನೇ ನೇಯ್ಕೊಳ್ತಿತ್ತು."

"ಸೂಡು ಮಾವ. ಸ್ವಲ್ಪ ಆರ್ಲಿ."

"ಆರೋವರ್ಗೂ ಅಲ್ಲಿ ಕಾಯ್ತಾರಾ?"

ನಮ್ಮ ಮನೆಯವರು ಬಟ್ಟೆಯನ್ನು ಮತ್ತೊಮ್ಮೆ ಅದ್ದಿ ಸುತ್ತಿದರು. ಅವರ ಕುತ್ತಿಗೆಯ ಮೇಲೆ ಬೆವರು ಇಳಿದು ಅಂಗಿಯ ಕಾಲರು ಕಪ್ಪಾಗಿತ್ತು. ಕಾದೆವು. ಮತ್ತೆ ಎಳೆದರು, ಹಿಡಿಯಿತು. ಆದರೆ ಆ ಕಾಯುವುದರಲ್ಲಿ ಬಿಸಿಲು ಬೆಟ್ಟದ ಭುಜಕ್ಕೆ ಇಳಿದಿತ್ತು. ಅತ್ತೆ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ನೋಡಲಿಲ್ಲ.

ನಟ್ಟನಡುವೆ ಎರಡನೆಯ ಸಲ ನಿಂತಿತು. ಇಲ್ಲಿ ಗಾಳಿಗೆ ಅಡ್ಡವಿಲ್ಲ. ಮೋಟರು ಸುಮ್ಮನಾದ ಕೂಡಲೇ ದೋಣಿ ಅಡ್ಡ ತಿರುಗಿತು, ಅಲೆ ಬದಿಗೆ ಬಡಿದು ನನ್ನ ಮಡಿಲಿಗೆ ನೀರು ಬಂತು. ಎಡಕ್ಕೆ, ಅಷ್ಟು ದೂರವಲ್ಲದ ಕಡೆ, ಮುಳುಗಿದ ತಾಳೆಮರಗಳ ಬೋಳು ಕಂಬಗಳು ನಿಂತಿದ್ದವು. ಕಾಣುವವು ಕೆಲವು, ಕಾಣದಂತೆ ನೀರಿನ ಕೆಳಗೇ ಮುರಿದು ನಿಂತವು ಎಷ್ಟೋ. ಗಾಳಿ ನಮ್ಮನ್ನು ಆ ಕಡೆಗೇ ತಳ್ಳುತ್ತಿತ್ತು. ಮಾವ ಹುಟ್ಟು ಹಾಕತೊಡಗಿದರು. ಇದ್ದದ್ದು ಒಂದೇ ಹುಟ್ಟು. ಬಿದಿರಿನ ಗಳುವಿಗೆ ಅಲ್ಲಿ ತಳ ಸಿಗುತ್ತಿರಲಿಲ್ಲ.

ಆಗ ಆಚೆ ದಡದಿಂದ ತಮಟೆ ಕೇಳಿಸಿತು. ಗಾಳಿಯಲ್ಲಿ ಬರುವುದು, ಹೋಗುವುದು.

"ಎತ್ತಕ್ಕೆ ಬಾರಿಸ್ತಾವ್ರೆ," ಎಂದರು ಅತ್ತೆ. ಅಷ್ಟು ಮೆಲ್ಲಗೆ ಎಂದರೆ, ನನಗಷ್ಟೇ ಕೇಳಿಸಿರಬೇಕು.

ನಮ್ಮ ಮನೆಯವರು ಹಗ್ಗ ಸುತ್ತಿ ಎಳೆದರು, ಮತ್ತೆ ಸುತ್ತಿ ಎಳೆದರು. ಚೋಕು ಮುಚ್ಚಿದರು, ತೆರೆದರು. ಪ್ಲಗ್ಗು ಬಿಚ್ಚಿ ಅಂಗಿಗೆ ಒರೆಸಿ, ಹೊರಗೇ ಹಿಡಿದು ಹಗ್ಗ ಎಳೆದು ನೋಡಿದರು. ಬಿಸಿ ಪ್ಲಗ್ಗಿಗೆ ಬೆರಳು ಸುಟ್ಟರೂ ಬಿಡಲಿಲ್ಲ.

"ಕಿಡಿ ಬತ್ತಾ ಐತೆ," ಎಂದರು, ತಮಗೇ ನಂಬಿಕೆಯಾಗದವರಂತೆ. "ಬಿಸಿ ಇದ್ದಂಗೇ ಬತ್ತಾ ಐತೆ."

"ಮತ್ತೆ ಏನಂತೆ ಅದಕ್ಕೆ?"

"ಗೊತ್ತಿಲ್ಲೆ ಮಾವ."

"ಗೊತ್ತಿಲ್ಲೇಂತ ಇಲ್ಲಿಗೆ ಬಂದು ಹೇಳ್ತೀಯಲ್ಲಪ್ಪ. ದಡದಾಗೆ ಹೇಳಿದ್ರೆ ನಾನು ಈಜ್ಕೊಂಡು ಓಗ್ತಿದ್ನಲ್ಲ."

"ತಂಬಿ," ಎಂದರು ಅತ್ತೆ. ಒಂದೇ ಮಾತು. ಮಾವ ಬಾಯಿ ಮುಚ್ಚಿ ಹುಟ್ಟು ಹಾಕಿದರು.

ನನ್ನ ಬಾಯಲ್ಲಿ ಯಾವುದೋ ಪ್ರಾರ್ಥನೆ ಓಡುತ್ತಿತ್ತು. ಚೌಡೇಶ್ವರಿಯದೆಂದುಕೊಂಡಿದ್ದೆ, ಕಿವಿಗೊಟ್ಟರೆ ಕಾನ್ವೆಂಟಿನ ಚಾಪೆಲಿನದು. ನಿಲ್ಲಿಸಲಿಲ್ಲ. ಹೆದರಿದಾಗ ನನ್ನ ಕಣ್ಣು ಹತ್ತಿರದ ಸಣ್ಣ ವಸ್ತುಗಳಿಗೆ ಅಂಟಿಕೊಳ್ಳುತ್ತದೆ. ಅಂದು ಪೆಟ್ರೋಲು ಟ್ಯಾಂಕಿಗೆ ಅಂಟಿಕೊಂಡಿತು. ಮೋಟರಿನ ತಲೆಯ ಮೇಲೇ ಕುಳಿತ, ಕುಂಬಳಕಾಯಿಯಂತೆ ಉಬ್ಬಿದ ತಗಡಿನ ಟ್ಯಾಂಕು. ಅದರ ಮುಚ್ಚಳ ತೆಗೆದಾಗಲೆಲ್ಲ ಒಂದು ಸದ್ದು ಬರುತ್ತಿದ್ದುದು ನೆನಪಾಯಿತು, ಖಾರ ತಿಂದವರು ತುಟಿಯೊಳಗೆ ಗಾಳಿ ಎಳೆದುಕೊಂಡ ಹಾಗೆ. ಹಿಂದೆ ಒಂದೆರಡು ಸಲ ನಾನು ಜೊತೆಗಿದ್ದಾಗ ನಡುನೀರಿನಲ್ಲಿ ಪೆಟ್ರೋಲು ಮುಗಿಯುತ್ತ ಬಂದು ಅವರು ಮುಚ್ಚಳ ತೆಗೆದು ಹೊಯ್ದದ್ದಿತ್ತು. ಆಗ ಆ ಸದ್ದು ಬಂದಿತ್ತು. ಆಗೆಲ್ಲ ಮೋಟರು ಬೆಂಕಿಯಂತೆ ಬಿಸಿಯಿದ್ದರೂ, ಒದ್ದೆ ಬಟ್ಟೆ ಇಲ್ಲದೆಯೇ ಹಿಡಿದಿತ್ತು.

ಹಾಸ್ಟೆಲಿನಲ್ಲಿ ಭಾನುವಾರ ಡಬ್ಬದ ಗಟ್ಟಿಹಾಲು ಕೊಡುತ್ತಿದ್ದರು. ಅಡುಗೆಮನೆಯ ಸಿಸ್ಟರ್ ಮೊಳೆ ಹೊಡೆದು ಡಬ್ಬಕ್ಕೆ ಎರಡು ತೂತು ಮಾಡುತ್ತಿದ್ದರು. ಒಂದೇ ತೂತು ಮಾಡಿದ ದಿನ ಡಬ್ಬವನ್ನು ತಲೆಕೆಳಗು ಹಿಡಿದರೂ ಹಾಲು ಬೀಳದೆ ನಾವೆಲ್ಲ ಬಟ್ಟಲು ಹಿಡಿದು ನಿಂತಿರುತ್ತಿದ್ದೆವು. ಹಾಲು ಹೊರಗೆ ಬರಬೇಕಾದರೆ ಅದರ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು.

"ಏನುಂಗ," ಎಂದೆ. ಗಂಡನನ್ನು ನಮ್ಮಲ್ಲಿ ಹಾಗೇ ಕರೆಯುವುದು. "ಆ ಟ್ಯಾಂಕಿನ ಮುಚ್ಚಳ ಒಂದ್ಸಲ ತೆಗೀತೀರಾ?"

"ಪೆಟ್ರೋಲ್ ಐತೆ, ಈಗ ನೋಡ್ದೆ. ಅಲುಗಾಡ್ಸಿ ನೋಡ್ದೆ."

"ಇದೆ ಅಂತ ಗೊತ್ತು. ಒಳಗೆ ಗಾಳಿ ಹೋಗೋಕೆ ದಾರಿ ಇದೆಯಾ?"

"ಮುಚ್ಚಳದ ನೆತ್ತೀಲೇ ತೂತಿದೆ. ಅದು ಅದಕ್ಕೇ ಇರೋದು." ಅವರ ದನಿಯಲ್ಲಿ ಸಿಟ್ಟಿತ್ತು. ನನ್ನ ಮೇಲಲ್ಲ, ಆದರೆ ಎದುರಿಗಿದ್ದವಳು ನಾನು. "ತಿರುಪು ಮುರ್ದು ಓಗೈತೆ, ತೂತು ಯಾವಾಗ್ಲೂ ತೆರ್ದೇ ಇರುತ್ತೆ."

ದೋಣಿ ಒಮ್ಮೆ ಎತ್ತಿ ಕುಕ್ಕಿತು. ಕೆಳಗೆಲ್ಲೋ ಒಂದು ಮೋಟುಮರ ತಳವನ್ನು ಉಜ್ಜಿಕೊಂಡು ಹೋಯಿತು. ಹಲಗೆಯ ಮೂಲಕ ಆ ಉಜ್ಜುವಿಕೆ ನನ್ನ ಅಂಗಾಲಿಗೆ ತಿಳಿಯಿತು.

"ಅದು ತೆರ್ದಿಲ್ಲೆ, ಸಾಮಿ," ಎಂದು ಮಗನಿಗೆ ಹೇಳಿದರು ಅತ್ತೆ.

ಎಲ್ಲರೂ ಅವರತ್ತ ತಿರುಗಿದೆವು.

"ನಾನೇ ಮೇಣ ತುಂಬ್ದೆ. ಆಡಿ ತಿಂಗಳಾಗೆ. ಆ ತೂತಿನಿಂದ ಪೆಟ್ರೋಲ್ ಚೆಲ್ತಿತ್ತು. ಸೀರೆ ಎಲ್ಲ ನಾತ ಅಂತ ಯಾಪಾರಿ ಮೂಗು ಮುಚ್ಕೊಂಡು ವಾಪಸ್ ಕೊಟ್ಟ. ಅದ್ಕೆ ಮೇಣ ಕಾಯ್ಸಿ ಇಟ್ಟು ಬೆರಳಲ್ಲಿ ಒತ್ದೆ. ಮೇಣ ಉದುರ್ದಾಗೆಲ್ಲ ಮತ್ತೆ ಒತ್ತಿದ್ದೀನಿ."

ಮಗ್ಗದ ಎಳೆ ಎತ್ತುವ ಹೆಡೆ ಹುರಿಗಳಿಗೆ, ಹರಿದ ಹಾಸಿನ ಎಳೆಗಳಿಗೆ ಸವರಲು ಪ್ರತಿ ಮಗ್ಗದ ಬಳಿಯೂ ಒಂದು ಜೇನುಮೇಣದ ಉಂಡೆ ಇರುತ್ತದೆ. ಸಡಿಲವಾದದ್ದಕ್ಕೆ, ಸೋರುವುದಕ್ಕೆ, ಕಿರುಗುಟ್ಟುವುದಕ್ಕೆ ನಮ್ಮ ಬೀದಿಯ ಹೆಂಗಸರು ಮೊದಲು ಹುಡುಕುವುದು ಅದನ್ನೇ. ಸೀರೆಗೆ ಪೆಟ್ರೋಲು ತಾಗಬಾರದು ಎಂಬುದು ಅತ್ತೆಗೆ ತಿಳಿದಿತ್ತು. ಟ್ಯಾಂಕು ಉಸಿರಾಡುತ್ತದೆ ಎಂದು ಯಾರು ಹೇಳಿಕೊಟ್ಟಿದ್ದರು? ಮೇಣದ ಮೇಲೆ ಮಸಿ ಕೂತು ಅದು ತಗಡಿನ ಬಣ್ಣಕ್ಕೇ ತಿರುಗಿತ್ತು. ನಮ್ಮ ಮನೆಯವರ ಅಂಗೈ ದಿನವೂ ಅದರ ಮೇಲೆ ಓಡಾಡಿದರೂ ಸಿಕ್ಕಿರಲಿಲ್ಲ. ಬಿಸಿಲಲ್ಲಿ ನಿಂತು ಆರುವಾಗ ಮುಚ್ಚಳದ ಸಂದಿಯಿಂದ ಎಳೆಯಷ್ಟು ಗಾಳಿ ಒಳನುಸುಳಿ, ಟ್ಯಾಂಕು ಮತ್ತೆ ಒಂದಷ್ಟು ಪೆಟ್ರೋಲು ಬಿಟ್ಟುಕೊಡುತ್ತಿತ್ತು. ನಾವು ಒದ್ದೆ ಬಟ್ಟೆಗೆ ಪುಣ್ಯ ಕಟ್ಟಿದ್ದೆವು.

ಈ ವಿವರವೆಲ್ಲ ನಾನು ಆಮೇಲೆ ಯೋಚಿಸಿದ್ದು. ದೋಣಿಯಲ್ಲಿ ಅವರು ಮುಚ್ಚಳ ತಿರುಗಿಸಿದರು, ಆ ಸದ್ದು ಬಂತು, ಗಾಳಿಯಲ್ಲೂ ಸ್ಪಷ್ಟವಾಗಿ ಬಂತು. ಅವರು ಒಂದು ಕ್ಷಣ ಮುಚ್ಚಳವನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಉಗುರಿನಿಂದ ಮೇಣ ಕೆದಕಿದರು. ಗಟ್ಟಿಯಾಗಿತ್ತು, ಬರಲಿಲ್ಲ. ನನ್ನ ಸೆರಗಿನ ಪಿನ್ನು ಕೊಟ್ಟೆ. ಅದು ಬಾಗಿತು.

"ಬಿಡು ಮಾಪ್ಳೆ, ಮುಚ್ಚಳ ಅರ್ಧ ಸಡಿಲ ಬಿಟ್ಟು ಎಳಿ," ಎಂದರು ಮಾವ. ಅವರ ದನಿ ಒಡೆದಿತ್ತು. ಹುಟ್ಟು ಹಾಕಿ ಹಾಕಿ ಅಂಗೈ ಕಿತ್ತಿತ್ತು. ತಾಳೆಯ ಕಂಬಗಳು ಈಗ ಎಷ್ಟು ಹತ್ತಿರವೆಂದರೆ, ಅವುಗಳ ಮೇಲಿನ ನೀರುಕಾಗೆಗಳು ನಮ್ಮನ್ನು ನೋಡಿ ರೆಕ್ಕೆ ಬಿಚ್ಚಿದ್ದವು.

ಒಂದು ಎಳೆತ. ಇಲ್ಲ. ಇನ್ನೊಂದು. ಕೆಮ್ಮಿತು. ಮತ್ತೊಂದಕ್ಕೆ ಹಿಡಿಯಿತು, ಬಿಸಿಯಿದ್ದ ಹಾಗೇ, ಮೈಯಿಂದ ಆವಿ ಏಳುತ್ತಿದ್ದ ಹಾಗೇ. ನಮ್ಮ ಮನೆಯವರು ಚುಕ್ಕಾಣಿಯ ಹಿಡಿಯನ್ನು ಎದೆಗೆ ಒತ್ತಿಕೊಂಡು ತಿರುಗಿಸಿದರು. ದೋಣಿಯ ಬಾಲ ಒಂದು ಕಂಬಕ್ಕೆ ತಗುಲಿ ಸಿಪ್ಪೆಯೆದ್ದಿತು, ಆಮೇಲೆ ಬಿಡಿಸಿಕೊಂಡಿತು.

ಆದರೆ ಸಡಿಲ ಮುಚ್ಚಳ ಅಲೆಯ ಹೊಡೆತಕ್ಕೆ ಕುಣಿಯುತ್ತಿತ್ತು, ಪೆಟ್ರೋಲು ತುಳುಕಿ ಬಿಸಿ ಮೋಟರಿನ ಕಡೆ ಇಳಿಯುತ್ತಿತ್ತು. ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದವರಿಗೆ ಅದನ್ನೂ ಹಿಡಿಯಲಾಗದು. ಮಾವ ಹುಟ್ಟಿನಿಂದ ಮರಗಳನ್ನು ದೂರ ತಳ್ಳುತ್ತಿದ್ದರು. ಅತ್ತೆ ಮಡಿಲಿನ ಗಂಟನ್ನು ನನ್ನ ಕೈಗೆ ಕೊಟ್ಟರು.

"ಹಿಡ್ಕೊ, ಕಣ್ಣು," ಎಂದರು, ಮಗಳನ್ನು ಮುದ್ದಿಗೆ ಕರೆಯುವ ಹಾಗೆ. "ನೆನೀಬಾರ್ದು."

ಹಲಗೆಯಿಂದ ಹಲಗೆಗೆ ಕೈಯೂರಿ, ಆ ವಯಸ್ಸಿನಲ್ಲಿ, ದೋಣಿಯ ಆ ಕುಣಿತದಲ್ಲಿ ಹಿಂದಕ್ಕೆ ಹೋದರು. ಮಗನ ಕಾಲ ಬಳಿ ಕುಕ್ಕರಗಾಲಲ್ಲಿ ಕುಳಿತು, ಒದ್ದೆ ಪಂಚೆಯನ್ನು ಮುಚ್ಚಳದ ಸುತ್ತ ಇಟ್ಟು ಅಂಗೈಯಿಂದ ಒತ್ತಿ ಹಿಡಿದರು. ದನಿ ತೆಳ್ಳಗಾದಾಗ ಕೈ ಸ್ವಲ್ಪ ಎತ್ತುವುದು, ತುಳುಕಿದಾಗ ಒತ್ತುವುದು. ಯಾರೂ ಹೇಳಿಕೊಡಲಿಲ್ಲ. ಕಿವಿಯಿಂದಲೇ ಕಲಿತರು. ಪೆಟ್ರೋಲು ಅವರ ಮಣಿಕಟ್ಟಿನಿಂದ ಮೊಣಕೈಗೆ ಹರಿದು ಬಳೆಗಳಿಂದ ತೊಟ್ಟಿಕ್ಕುತ್ತಿತ್ತು.

"ಅವ್ವ, ಬಿಸಿ. ಕೈ ಸುಡುತ್ತೆ," ಎಂದರು ನಮ್ಮ ಮನೆಯವರು.

"ನೀನು ಮುಂದೆ ನೋಡು."

ತಮಟೆ ನಿಂತಿತು. ದಡದಲ್ಲಿ ಜನ ಬಿಳಿಯ ಚುಕ್ಕೆಗಳಾಗಿ ಕಾಣುತ್ತಿದ್ದರು. ತಮಟೆ ನಿಂತದ್ದು ಚಟ್ಟ ಹೆಗಲಿಗೆ ಏರಿತೆಂದೋ, ಏರಿ ಹೊರಟೇಹೋಯಿತೆಂದೋ ನನಗೆ ತಿಳಿಯಲಿಲ್ಲ. ಸೂರ್ಯ ಬೆಟ್ಟದ ಅಂಚಿಗೆ ತಾಗಿದ್ದ. ಮತ್ತೆ ತಮಟೆ ಶುರುವಾಯಿತು. ಮತ್ತೆ ನಿಂತಿತು. ಅತ್ತೆ ಒಂದು ಸಲವೂ ಆ ಕಡೆ ನೋಡದೆ ತಮ್ಮ ಕೈಯನ್ನೇ ನೋಡುತ್ತಿದ್ದರು. ಗಂಟನ್ನು ನಾನು ಎದೆಗೆ ಒತ್ತಿಕೊಂಡಿದ್ದೆ. ಎಣ್ಣೆಬಟ್ಟೆಯೊಳಗಿಂದ ಹೊಸ ಸೀರೆಯ ಗಂಜಿಯ ವಾಸನೆ ಬರುತ್ತಿತ್ತು.

ದೋಣಿ ಕೆಸರಿಗೆ ತಾಗುವ ಮುಂಚೆಯೇ ಮಾವ ನೀರಿಗೆ ಹಾರಿದರು. ಗಂಟನ್ನು ನನ್ನಿಂದ ತೆಗೆದುಕೊಂಡು ತಲೆಯ ಮೇಲಿಟ್ಟು, ತೊಡೆಯಾಳದ ನೀರಿನಲ್ಲಿ ಓಡಿದರು. ಅತ್ತೆಯನ್ನು ನಾನು ಇಳಿಸಿದೆ. ಅವರ ಬಲ ಅಂಗೈ ಕೆಂಪಾಗಿ ಹೊಪ್ಪಳೆ ಏಳತೊಡಗಿತ್ತು. ಅವರು ಸೆರಗಿನಿಂದ ಅದನ್ನು ಮುಚ್ಚಿಕೊಂಡು ನಡೆದರು. ದಾರಿಯಲ್ಲಿ ನಿಂತಿದ್ದ ಹೆಂಗಸರು ಸರಿದು ಜಾಗ ಬಿಟ್ಟರು.

ಮನೆಯ ಮುಂದೆ ಚಟ್ಟ ನೆಲದ ಮೇಲೇ ಇತ್ತು. ದೊಡ್ಡಮ್ಮ ಅದರ ಮೇಲೆ ಅರಿಶಿನದ ಮುಖದೊಂದಿಗೆ ಮಲಗಿದ್ದರು. ಪಕ್ಕದಲ್ಲಿ ಇಬ್ಬರು ಗಂಡಸರು ಚಟ್ಟದ ಹಗ್ಗಗಳನ್ನು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು, ಮುಖದಲ್ಲಿ ಅಸಹನೆ. ಹಗ್ಗಗಳು ಅರ್ಧ ಬಿಚ್ಚಿದ್ದವು. ಅವರ ಪಕ್ಕದಲ್ಲೇ ಕೋಲೂರಿಕೊಂಡು ದೊಡ್ಡಪ್ಪ ನಿಂತಿದ್ದರು.

"ಬನ್ನಿ," ಎಂದರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ನಿಮ್ ಮಿಷಿನ್ ಸದ್ದು ಕೇಳ್ತು. ನಿಂತಿದ್ದೂ ಕೇಳ್ತು."

ಅತ್ತೆ ಅಕ್ಕನ ತಲೆಯ ಬಳಿ ಕುಳಿತರು.

"ಕಟ್ಟು ಸರಿಯಿಲ್ಲೆ, ಬಿಚ್ಚಿ ಅಂದೆ. ಕಟ್ಟಿದ್ರು. ಅದೂ ಸರಿಯಿಲ್ಲೆ ಅಂದೆ. ಮುದ್ಕಂಗೆ ತಲೆ ಕೆಟ್ಟೋಯ್ತು ಅಂತ ಊರೆಲ್ಲ ಬಯ್ತಾ ಐತೆ." ಕೋಲಿನಿಂದ ನೆಲವನ್ನು ಕುಟ್ಟಿದರು. "ಇನ್ನೂ ಸ್ವಲ್ಪ ಬಿಸ್ಲೈತೆ. ಹೊದಿಸು ತಾಯಿ. ನಿಮ್ಮಕ್ಕ ಕಾಯ್ತಾವ್ಳೆ."

ಮಾವ ಗಂಟು ಬಿಚ್ಚಿದರು. ಮಗ್ಗದಿಂದ ಅಂದೇ ಇಳಿದ ಸೀರೆಗೆ ಇನ್ನೂ ಮಡಿಕೆ ಬಿದ್ದಿರಲಿಲ್ಲ. ಅಕ್ಕನ ಕಾಲ ಕಡೆ ತಮ್ಮ ಹಿಡಿದರು, ತಲೆಯ ಕಡೆ ತಂಗಿ. ಅತ್ತೆ ಸುಟ್ಟ ಕೈಯನ್ನು ಹಿಂದಕ್ಕಿಟ್ಟು ಎಡಗೈಯಿಂದಲೇ ಅಂಚನ್ನು ಗಲ್ಲದ ಕೆಳಗೆ ಸಿಕ್ಕಿಸಲು ನೋಡಿದರು, ಆಗಲಿಲ್ಲ. ಆಮೇಲೆ ಎರಡೂ ಕೈಯಿಂದ ಸಿಕ್ಕಿಸಿದರು. ಹೊಪ್ಪಳೆ ಒಡೆದಿರಬೇಕು. ಮುಖದಲ್ಲಿ ಕಾಣಿಸಲಿಲ್ಲ. ಕುಂಕುಮವಿಟ್ಟು, ಅಕ್ಕನ ಕೆನ್ನೆಯ ಮೇಲೆ ಬೆರಳ ಹಿಂಬದಿಯನ್ನು ಒಂದಿಷ್ಟು ಹೊತ್ತು ಇಟ್ಟುಕೊಂಡಿದ್ದರು.

ದೊಡ್ಡಪ್ಪ ಹಗ್ಗ ಹಿಡಿದವರತ್ತ ತಲೆಯಾಡಿಸಿದರು. ಅವರು ಕಟ್ಟಿದರು. ಈ ಸಲ ಕಟ್ಟಿದ್ದನ್ನು ದೊಡ್ಡಪ್ಪ ಬಿಚ್ಚಿಸಲಿಲ್ಲ.